ಒಮ್ಮೆ ಉಟ್ಟ ಬಟ್ಟೆಗೊಂದು ಸ್ಟ್ಯಾಂಡ್: ಹಟ್ಟಿಯ ರೀಪಿನಿಂದ ಶುರುವಾದ ಕೆಲಸ

ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು) ಅಮ್ಮನ ಒಂದು ಉಡುಪಿ ಸೀರೆ ಹಾಳಾಯಿತು. ಕೈಮಗ್ಗದ ಹತ್ತಿ ಸೀರೆ. ತಿಳಿ ಹಸಿರು ಮೈ, ಕೆಂಪು ಅಂಚು. ಜೂನ್ ಕೊನೆಗೆ ನೆಂಟರ ಮನೆಯ ಒಂದು ಕಾರ್ಯಕ್ರಮಕ್ಕೆ ಉಟ್ಟುಕೊಂಡು ಹೋಗಿದ್ದರು. ಊಟ ಮುಗಿಸಿ ಮೂರು ಗಂಟೆಯೊಳಗೆ ಮನೆಗೆ ಬಂದಾಗಿತ್ತು. ಸೀರೆಯಲ್ಲಿ ಕೊಳೆ ಇರಲಿಲ್ಲ, ಕಲೆ ಇರಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯನ್ನು ಮೂರು ಗಂಟೆ ಉಟ್ಟದ್ದಕ್ಕೆ ಯಾರು ಒಗೆಯುತ್ತಾರೆ? ಅಮ್ಮ ಅದನ್ನು ಮಡಚಿ ಕಪಾಟಿನಲ್ಲಿಟ್ಟರು.

ಇಪ್ಪತ್ತು ದಿನ ಕಳೆದು ತೆಗೆದರೆ ಮಡಿಕೆಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕರಿ ಚುಕ್ಕೆ. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು ಒಂದು ಚುಕ್ಕೆಯನ್ನು ಉಗುರಿನಲ್ಲಿ ಕೆರೆದರು. ಹೋಗಲಿಲ್ಲ. ಇನ್ನೊಂದನ್ನು ಕೆರೆದರು. ಆಮೇಲೆ ಏನೂ ಮಾತಾಡದೆ ಸೀರೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದರು. ಬಿಳಿ ಬಟ್ಟೆಯಾದರೆ ಬ್ಲೀಚ್ ಹಾಕಿ ನೋಡಬಹುದಿತ್ತು. ಬಣ್ಣದ ಸೀರೆಗೆ ಅದೂ ಆಗುವುದಿಲ್ಲ. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ, ಆದರೆ ನೇಯುವ ಕೈಗಳು ಕಡಿಮೆ. ಅಂಥದ್ದೇ ಇನ್ನೊಂದು ತರೋಣ ಎಂದು ಸುಮ್ನೆ ಹೇಳಿಬಿಡುವ ಹಾಗಿಲ್ಲ.

ಆ ದಿನ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ಒಗೆದ ಬಟ್ಟೆಗೆ ಕಪಾಟು ಉಂಟು. ಒಗೆಯಬೇಕಾದ ಬಟ್ಟೆಗೆ ಬಚ್ಚಲಿನ ಬಕೆಟ್ ಉಂಟು. ಇವೆರಡರ ನಡುವಿನದ್ದಕ್ಕೆ, ಅಂದರೆ ಒಮ್ಮೆ ಹಾಕಿ ತೆಗೆದ, ಇನ್ನೊಮ್ಮೆ ಹಾಕಬಹುದಾದ ಬಟ್ಟೆಗೆ, ಜಾಗವೇ ಇಲ್ಲ. ಹಾಗಾಗಿ ಅದು ಒಂದೋ ಕಪಾಟಿಗೆ ಹೋಗಿ ಒಳಗಿನ ಚೊಕ್ಕ ಬಟ್ಟೆಗೂ ವಾಸನೆ ಹಿಡಿಸುತ್ತದೆ. ಇಲ್ಲವಾದರೆ ಕೋಣೆಯ ಕುರ್ಚಿ ಮೇಲೆ ಒಂದರ ಮೇಲೊಂದು ಬೀಳುತ್ತದೆ. ನನ್ನ ಪ್ಯಾಂಟು, ಮಗಳ ಕಾಲೇಜಿನ ಚೂಡಿದಾರ, ಹೆಂಡತಿ ಸಂಜೆ ದೇವಸ್ಥಾನಕ್ಕೆ ಉಟ್ಟ ಸೀರೆ, ಎಲ್ಲ ಒಂದೇ ರಾಶಿ. ಕೆಳಗೆ ಬಿದ್ದದ್ದು ಅಲ್ಲೇ ಬೆವರಿ ಮುಗ್ಗುತ್ತದೆ. ಕೊನೆಗೆ ಹಾಕಬಹುದಾಗಿದ್ದ ಬಟ್ಟೆಯೂ ಬಕೆಟ್ಟಿಗೇ ಹೋಗುತ್ತದೆ. ಮಳೆಗಾಲದಲ್ಲಿ ಬಕೆಟ್ಟಿಗೆ ಹಾಕುವುದು ಸುಲಭ, ಒಣಗಿಸುವವರು ಯಾರು?

ಹಳೆ ಮನೆಗಳಲ್ಲಿ ಇದಕ್ಕೆ ದಾರಿ ಇತ್ತು. ನಾನು ಸಣ್ಣವನಿದ್ದಾಗ ನೆರೆಮನೆ ಭಟ್ರಲ್ಲಿ ಅಡುಗೆ ಕೋಣೆಯ ಹತ್ತಿರ, ಮಾಡಿನ ಕೆಳಗೆ, ಹಗ್ಗದಲ್ಲಿ ಕಟ್ಟಿದ ಒಂದು ಬಿದಿರಿನ ಗಳ ಇರುತ್ತಿತ್ತು. ಮಡಿ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಅದರ ಮೇಲೆ ಹರಡುತ್ತಿದ್ದರು. ಯಾರೂ ಮುಟ್ಟಬಾರದು ಎಂದು ಅಷ್ಟು ಎತ್ತರ. ಕಾರಣ ಅದೇ ಇರಬಹುದು, ಆದರೆ ಆ ಜಾಗದಲ್ಲಿ ಇನ್ನೊಂದು ಗುಣವೂ ಇತ್ತು. ಕೆಳಗೆ ಒಲೆ ಉರಿಯುತ್ತದೆ. ಬಿಸಿ ಗಾಳಿ ಮೇಲೆ ಏರುತ್ತದೆ. ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಆಟಿಯ ಮಳೆಯಲ್ಲೂ ಅಲ್ಲಿನ ಬಟ್ಟೆ ಮುಗ್ಗುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬೈರಾಸು (ಟವೆಲ್), ಲುಂಗಿ ಹಾಕುತ್ತಿದ್ದೆವು.

ಈಗ ನಾವಿರುವುದು ಉಡುಪಿಯ ಸಂತೆಕಟ್ಟೆ ಹತ್ತಿರ, ತಾರಸಿ ಮನೆ. ಒಲೆ ಇಲ್ಲ, ಹಂಚು ಇಲ್ಲ. ಮಳೆಗೆ ಹೆದರಿ ಕಿಟಕಿ ಹಾಕಿದರೆ ಒಳಗಿನ ಗಾಳಿ ಒಳಗೇ. ಈ ಮನೆಯಲ್ಲಿ ಆ ಗಳದ ಕೆಲಸವನ್ನು ಯಾವುದರಿಂದ ಮಾಡಿಸುವುದು ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಈ ವರ್ಷ ಮಾರ್ಚಿನಿಂದ ಆಗಸ್ಟ್‌ವರೆಗೆ ಮಾಡಿದ್ದನ್ನು, ತಪ್ಪಿದ್ದನ್ನು, ಸರಿ ಮಾಡಿದ್ದನ್ನು ಬರೆದಿಟ್ಟಿದ್ದೇನೆ.

ಮಾರ್ಚ್: ಮರ

ರೆಡಿಮೇಡ್ ಸ್ಟ್ಯಾಂಡ್ ಮೊದಲು ತಂದು ನೋಡಿದವನೇ ನಾನು. ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಪೈಪಿನದ್ದು. ಒಂದು ಮಳೆಗಾಲದಲ್ಲಿ ಸ್ಕ್ರೂ ಹಾಕಿದ ಕಡೆಯಲ್ಲೆಲ್ಲ ಪೇಂಟ್ ಎದ್ದು ತುಕ್ಕು ಹಿಡಿಯಿತು. ನನ್ನ ಬಿಳಿ ಅಂಗಿಯ ಹೆಗಲ ಮೇಲೆ ಒಂದು ಕಂದು ಗೆರೆ ಬಿತ್ತು, ಈಗಲೂ ಇದೆ. ಕಡಲಿನ ಉಪ್ಪುಗಾಳಿ ಬರುವ ಊರಿನಲ್ಲಿ ಬಟ್ಟೆಗೆ ತಾಗುವ ಕಡೆ ಕಬ್ಬಿಣ ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹ್ಯಾಂಗರ್ ಕೂಡ ಅಷ್ಟೇ. ಲಾಂಡ್ರಿಯಿಂದ ಬರುವ ತಂತಿ ಹ್ಯಾಂಗರನ್ನು ಬಟ್ಟೆ ತೆಗೆದ ಕೂಡಲೇ ಬಿಸಾಡಿ.

ಊರಿನ ಮನೆಯ ದನದ ಹಟ್ಟಿಗೆ ಹಂಚು ತೆಗೆದು ಶೀಟ್ ಹಾಕಿಸಿದ್ದರು. ಮಾಡಿನ ಪಕ್ಕಾಸು (ಇಳಿಜಾರಿನ ದಪ್ಪ ಮರ), ಅದರ ಮೇಲೆ ಹಂಚು ಕೂರಿಸುವ ರೀಪು ಎಲ್ಲ ಹಿತ್ತಿಲಲ್ಲಿ ಬಿದ್ದಿತ್ತು. ದನ ಕಟ್ಟದೆ ಹನ್ನೆರಡು ವರ್ಷ ಆಗಿತ್ತು, ಹಾಗಾಗಿ ಮರದಲ್ಲಿ ವಾಸನೆ ಇರಲಿಲ್ಲ. ಎರಡಿಂಚು ಅಗಲ, ಒಂದಿಂಚು ದಪ್ಪದ ರೀಪುಗಳಲ್ಲಿ ನೆಟ್ಟಗಿರುವ ಹದಿನಾಲ್ಕನ್ನು ಆರಿಸಿ ತಂದೆ. ಹೆಚ್ಚಿನವು ಬೋಗಿ ಮರದವು. ನಾಲ್ಕೈದು ಹಲಸು. ಕಾಲಿಗೆ ಒಂದು ಪಕ್ಕಾಸನ್ನು ಉದ್ದಕ್ಕೆ ಸೀಳಿಸಿದೆ.

ಹಳೆ ಮರದಲ್ಲಿ ಕೆಲಸ ಮಾಡುವವರು ಮೊದಲು ಮೊಳೆ ಹುಡುಕಬೇಕು. ಮುರಿದ ಮೊಳೆಯ ತಲೆ ಕಾಣುವುದಿಲ್ಲ, ಮರದ ಬಣ್ಣಕ್ಕೇ ತಿರುಗಿರುತ್ತದೆ. ನಮ್ಮ ಬೀದಿಯ ಬಡಗಿ ಆಚಾರ್ರು ಒಂದು ಉಪಾಯ ಹೇಳಿಕೊಟ್ಟರು. ಸ್ಪೀಕರಿನ ಹಳೆ ಅಯಸ್ಕಾಂತವನ್ನು ನೂಲಿಗೆ ಕಟ್ಟಿ ರೀಪಿನ ಮೇಲೆ ನಿಧಾನ ತೂಗಿಸುತ್ತಾ ಹೋಗುವುದು. ಮೊಳೆ ಇದ್ದಲ್ಲಿ ನೂಲು ಓರೆಯಾಗುತ್ತದೆ. ಹದಿನಾಲ್ಕು ರೀಪಿನಲ್ಲಿ ಮೂವತ್ತೊಂದು ಮೊಳೆ ತೆಗೆದೆ. ಅದರ ಮೇಲೆಯೇ ಕೀಸುಳಿ ಓಡಿಸಿದ್ದರೆ ಅಲಗು ಅಲ್ಲಿಗೇ ಮುಗಿಯುತ್ತಿತ್ತು.

ಬೋಗಿ ಕಬ್ಬಿಣದಂಥ ಮರ. ಕೀಸುವಾಗ ಮೇಲಿನ ಬೂದಿ ಬಣ್ಣದ ಪದರ ಸಿಪ್ಪೆಯಂತೆ ಎದ್ದು, ಒಳಗೆ ಜೇನಿನ ಬಣ್ಣ ಬಂತು. ಅಷ್ಟು ವರ್ಷ ಹಂಚಿನ ಕೆಳಗಿದ್ದ ಮರದಲ್ಲಿ ಒರಲೆಯ ಒಂದು ಗೀರೂ ಇರಲಿಲ್ಲ. ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಳತೆ ಹೀಗೆ: ಎತ್ತರ ಐದೂವರೆ ಅಡಿ, ಅಗಲ ನಾಲ್ಕು ಅಡಿ, ಆಳ 22 ಇಂಚು. ಆಳದಲ್ಲಿ ರಾಜಿ ಮಾಡಬೇಡಿ. ದೊಡ್ಡವರ ಅಂಗಿಯ ಹ್ಯಾಂಗರ್ ಸುಮಾರು 17 ಇಂಚು ಬರುತ್ತದೆ. ಎರಡೂ ಬದಿ ಎರಡೆರಡು ಇಂಚಾದರೂ ಬಿಡದಿದ್ದರೆ ತೋಳು ಹಿಂದಿನ ಗೋಡೆಗೆ ಒರಸುತ್ತದೆ. ಮೇಲೆ ಒಂದು ಅಡ್ಡ ದಂಡ. ಅರ್ಧ ಎತ್ತರದಲ್ಲಿ ಒಂದು ಬದಿಗೆ ರೀಪಿನ ತಟ್ಟೆ, ಹ್ಯಾಂಗರಿನಲ್ಲಿ ನಿಲ್ಲದ ಸ್ವೆಟರ್, ಟೀ ಶರ್ಟ್ ಹರಡುವುದಕ್ಕೆ. ತಟ್ಟೆಯ ರೀಪುಗಳ ನಡುವೆ ಒಂದೊಂದು ಇಂಚು ಸಂದಿ. ಹಲಗೆ ಹಾಕಿದರೆ ಕೆಳಗಿನಿಂದ ಗಾಳಿ ಬರುವುದಿಲ್ಲ.

ಮೂಲೆಗಳಲ್ಲಿ ಒಂದರ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಹಾಗೆ ಆಚಾರ್ರೇ ಉಳಿಯಲ್ಲಿ ಮಾಡಿಕೊಟ್ಟರು. ಅದು ನನ್ನ ಕೈಗೆ ಬರುವ ಕೆಲಸವಲ್ಲ. ಉಳಿದ ಕಡೆ ಸ್ಟೀಲ್ ಸ್ಕ್ರೂ. ಬೋಗಿಗೆ ಮೊದಲು ಡ್ರಿಲ್ ಮಾಡದೆ ಸ್ಕ್ರೂ ಹಾಕಿದರೆ ಸ್ಕ್ರೂವಿನ ತಲೆಯೇ ಕಿತ್ತು ಬರುತ್ತದೆ, ಎರಡು ಹಾಗೆ ಹೋಯಿತು.

ಮರಕ್ಕೆ ಏನು ಬಳಿಯುವುದು ಎಂದು ಚರ್ಚೆ ಆಯಿತು. ನಮ್ಮಲ್ಲಿ ಪಕ್ಕಾಸಿಗೆ, ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಕ್ರಮ ಇದೆ. ಒರಲೆಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುವ ಎಣ್ಣೆ ಅದು, ಬಟ್ಟೆಗೆ ತಾಗಿದರೆ ಕಪ್ಪು ಕಲೆ. ಬಟ್ಟೆಯ ಸ್ಟ್ಯಾಂಡಿಗೆ ಖಂಡಿತ ಆಗದು. ಕೊನೆಗೆ ಏನೂ ಬಳಿಯದೆ, ನುಣ್ಣಗೆ ಸ್ಯಾಂಡ್ ಪೇಪರ್ ಹಾಕಿ ಬಿಟ್ಟೆ. ಅದು ತಪ್ಪಾಯಿತು, ಮುಂದೆ ಹೇಳುತ್ತೇನೆ.

ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಸಬೇಕು ಎಂದುಕೊಂಡಿದ್ದೆ. ಏಪ್ರಿಲ್ ಎರಡನೇ ವಾರಕ್ಕೇ ಸ್ಟ್ಯಾಂಡ್ ಕೋಣೆಯಲ್ಲಿ ನಿಂತಿತು.

ಏಪ್ರಿಲ್, ಮೇ: ಬೆವರು, ಮತ್ತೆ ಹಳದಿ ಗೆರೆ

ಬೇಸಿಗೆಯ ಬೆವರು ಗೊತ್ತಲ್ಲ. ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಬರುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆ. ಅಂಥ ಅಂಗಿಯನ್ನು ಎರಡನೇ ದಿನಕ್ಕೆ ಇಡುವ ಮಾತೇ ಇಲ್ಲ. ಆದರೆ ಸಂಜೆ ಎರಡು ಗಂಟೆ ಹಾಕಿದ ಅಂಗಿ, ಎಸಿ ಆಫೀಸಿನಲ್ಲಿ ಕೂತು ಬಂದ ದಿನದ ಪ್ಯಾಂಟು, ಇವುಗಳ ಮೇಲೆ ಪ್ರಯೋಗ ಶುರು ಮಾಡಿದೆ.

ಬೆವರಿಗೇ ಅಂಥ ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗ ವಾಸನೆ ಹುಟ್ಟುತ್ತದೆ, ಕಂಕುಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಆ ಬ್ಯಾಕ್ಟೀರಿಯಾಕ್ಕೆ ಒದ್ದೆ ಬೇಕು. ಹಾಗಾಗಿ ಬಟ್ಟೆ ತೆಗೆದ ಮೊದಲ ಒಂದೆರಡು ಗಂಟೆಯಲ್ಲಿ ಎಷ್ಟು ಬೇಗ ಒಣಗುತ್ತದೆ ಎನ್ನುವುದರಲ್ಲೇ ಎಲ್ಲ ಇದೆ. ನಾನು ಕಂಡುಕೊಂಡದ್ದು ಇದು: ಅಂಗಿಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ, ಗುಂಡಿ ಎಲ್ಲ ಬಿಚ್ಚಿ ಹ್ಯಾಂಗರಿಗೆ ಹಾಕಬೇಕು. ಕಂಕುಳ ಹೊಲಿಗೆಯಲ್ಲಿ ಬಟ್ಟೆ ಎರಡು ಮೂರು ಪದರ ಇರುತ್ತದೆ, ಅದು ಕೊನೆಗೆ ಒಣಗುವ ಜಾಗ. ತಿರುಗಿಸದೆ ಹಾಕಿದ ಅಂಗಿಯ ಬೆನ್ನು ಬೆಳಿಗ್ಗೆ ಗರಿಗರಿ, ಹೊಲಿಗೆ ಮುಟ್ಟಿದರೆ ಇನ್ನೂ ತಣ್ಣಗೆ. ತಿರುಗಿಸಿದ್ದರಲ್ಲಿ ಎರಡೂ ಒಣಗಿರುತ್ತಿತ್ತು. ಪ್ಯಾಂಟನ್ನು ಸೊಂಟಕ್ಕೆ ಕ್ಲಿಪ್ ಹಾಕಿ ತೂಗಿಸಿದರೆ ಜೇಬಿನ ಚೀಲವನ್ನು ಹೊರಗೆಳೆಯಿರಿ, ಅದೂ ಹಾಗೆಯೇ.

ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ವಾಸನೆ ಬಿಡುವುದಿಲ್ಲ. ಸಾಧಾರಣ ಹವೆಯಲ್ಲಿ 100 ಗ್ರಾಂ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ನೀರನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಹೀರುವುದಿಲ್ಲ. ಆದರೆ ಮೈಯ ಎಣ್ಣೆಯಂಶ ಅದಕ್ಕೆ ಚೆನ್ನಾಗಿ ಅಂಟುತ್ತದೆ. ಮಗಳ ಆಟದ ಜೆರ್ಸಿಯನ್ನು ನಾನು ಸ್ಟ್ಯಾಂಡಿಗೆ ಸೇರಿಸಲಿಲ್ಲ. ಅದು ನೇರ ಬಕೆಟ್ಟಿಗೆ.

ಮೇ ಕೊನೆಗೆ ಮೊದಲ ತಪ್ಪು ಕಂಡಿತು. ಅಡ್ಡ ದಂಡಕ್ಕೆ ನಾನು ಹಲಸಿನ ರೀಪು ಹಾಕಿದ್ದೆ, ನೋಡಲು ಚೆಂದ ಎಂದು. ಅದರ ಮೇಲೆ ನನ್ನ ಬಿಳಿ ಮುಂಡನ್ನು ಸ್ವಲ್ಪ ಹಸಿ ಇರುವಾಗಲೇ ಹರಡಿದ್ದೆ. ಬೆಳಿಗ್ಗೆ ನೋಡಿದರೆ ಮುಂಡಿನ ನಡುವೆ ಎರಡಿಂಚು ಅಗಲದ ಹಳದಿ ಪಟ್ಟಿ, ಅಳತೆ ಹಿಡಿದು ಬಳಿದಂತೆ. ಹಲಸಿನ ಕೆಚ್ಚಿನಲ್ಲಿ ಹಳದಿ ಬಣ್ಣ ಇದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಅದನ್ನೇ ಕುದಿಸುತ್ತಿದ್ದರು. ಇದು ನನಗೆ ಓದಿ ಗೊತ್ತಿತ್ತು, ಆದರೆ ಒಂದು ರಾತ್ರಿಯ ಹಸಿಗೆ ಒಣಗಿದ ರೀಪಿನಿಂದ ಇಷ್ಟು ಬಣ್ಣ ಬಿಡುತ್ತದೆ ಎಂದುಕೊಂಡಿರಲಿಲ್ಲ. ಎರಡು ಒಗೆತಕ್ಕೆ ಮಾಸಿತು, ಪೂರ್ತಿ ಹೋಗಲಿಲ್ಲ.

ದಂಡ ಕಿತ್ತು, ಒಂದಿಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕಿದೆ. ತಟ್ಟೆಯಲ್ಲಿದ್ದ ಹಲಸಿನ ರೀಪುಗಳನ್ನು ಬದಲಿಸಿ ಬೋಗಿ ಇಟ್ಟೆ. ಉಳಿದ ಇಡೀ ಮರಕ್ಕೆ ಬಣ್ಣವಿಲ್ಲದ, ವಾಟರ್ ಬೇಸ್ಡ್ ವಾರ್ನಿಶ್ ಎರಡು ಕೋಟ್. ಒಂದು ಒದ್ದೆ ಬಿಳಿ ಚಿಂದಿಯನ್ನು ಪ್ರತಿ ರೀಪಿಗೂ ಒಂದು ರಾತ್ರಿ ಸುತ್ತಿಟ್ಟು ಪರೀಕ್ಷೆ ಮಾಡಿ, ಬಣ್ಣ ಬರಲಿಲ್ಲ ಎಂದು ಖಚಿತವಾದ ಮೇಲೆಯೇ ಮತ್ತೆ ಬಟ್ಟೆ ಹಾಕಿದೆ. ಹಳೆ ಮರ ಬಳಸುವವರು ಈ ಚಿಂದಿಯ ಪರೀಕ್ಷೆ ಮೊದಲೇ ಮಾಡಿ.

ಜೂನ್: ಪಡು ಗೋಡೆ

ನಮ್ಮ ಜಿಲ್ಲೆಗೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯೂ ಮಳೆಯೂ ಬರುವುದು ಕಡಲಿನ ಕಡೆಯಿಂದ. ನಮ್ಮ ಮನೆಯ ಪಡು ಗೋಡೆ ಕೆಂಪು ಕಲ್ಲಿನದು, ಹೊರಗೆ ಗಾರೆ. ಮಳೆ ಅದಕ್ಕೇ ಬಡಿಯುತ್ತದೆ, ಕಲ್ಲು ಹೀರುತ್ತದೆ, ಒಳಗಿನ ಪೇಂಟ್ ಬೊಕ್ಕೆ ಏಳುತ್ತದೆ. ಸ್ಟ್ಯಾಂಡನ್ನು ನಾನು ಆ ಗೋಡೆಗೇ ತಾಗಿಸಿ ಇಟ್ಟಿದ್ದೆ. ಕೋಣೆಯಲ್ಲಿ ಖಾಲಿ ಇದ್ದದ್ದು ಆ ಜಾಗ ಮಾತ್ರ.

ಜೂನ್ ಮೂರನೇ ವಾರ ಆಚಾರ್ರು ಬೇರೆ ಕೆಲಸಕ್ಕೆ ಬಂದವರು ಒಳಗೆ ಇಣುಕಿದರು. ಗೋಡೆಗೂ ಸ್ಟ್ಯಾಂಡಿಗೂ ನಡುವೆ ಕೈ ತೂರಿಸಿ ನೋಡಿದರು. “ಎಂತ ಮಾರಾಯ್ರೆ, ಗೋಡೆ ಬೆವರ್ತಾ ಉಂಟಲ್ಲ. ಹೀಗೆ ಒತ್ತಿ ಇಟ್ರೆ ಮರವೂ ಹೋಗ್ತದೆ, ಬಟ್ಟೆಯೂ ಹೋಗ್ತದೆ” ಎಂದರು.

ಅದೇ ದಿನ ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ತಂದೆ, 400 ರೂಪಾಯಿ. ಈ ಕೆಲಸದಲ್ಲಿ ಖರ್ಚು ಮಾಡಿದ ದುಡ್ಡಿನಲ್ಲಿ ಇದಕ್ಕೆ ಹಾಕಿದ್ದೇ ಒಳ್ಳೆಯ ದುಡ್ಡು. ಕೋಣೆಯ ನಡುವೆ ತೋರಿಸಿದ್ದು ಶೇಕಡಾ 86. ಪಡು ಗೋಡೆಯ ಸಂದಿಯಲ್ಲಿ 94. ತೇವಾಂಶ ದಿನಗಟ್ಟಲೆ 70ರ ಮೇಲೆ ನಿಂತರೆ ಬಟ್ಟೆಗೆ ಬೂಷ್ಟು ಬರಲು ದಾರಿಯಾಗುತ್ತದೆ. ಗಂಜಿ ಹಾಕಿದ ಬಟ್ಟೆಯಾದರೆ ಅದಕ್ಕೆ ಊಟವೂ ಸಿಕ್ಕಿದ ಹಾಗೆ. ಅಮ್ಮನ ಸೀರೆಗೆ ಆದದ್ದು ಇದು. ಮೂರು ಗಂಟೆಯ ಬೆವರಿನ ಹಸಿ, ಗಂಜಿ, ಗಾಳಿಯಾಡದ ಕಪಾಟು. ಆ ಕಪಾಟು ಇದ್ದದ್ದೂ ಪಡು ಗೋಡೆಗೆ ಒತ್ತಿಯೇ.

ಸ್ಟ್ಯಾಂಡನ್ನು ಎಳೆದು ಮನೆಯ ನಡುಗೋಡೆಗೆ ತಂದೆ, ಗೋಡೆಯಿಂದ ನಾಲ್ಕಿಂಚು ಬಿಟ್ಟು. ಕಪಾಟನ್ನೂ ಆರಿಂಚು ಮುಂದೆ ಎಳೆದೆ. ಕಾಲುಗಳಿಗೆ ಪಿವಿಸಿ ಪೈಪಿನ ಮುಚ್ಚಳ ಹಾಕಿದೆ. ನೆಲ ಒರಸಿದ ನೀರನ್ನು ಮರ ಹೀರುವುದು ಬೇಡ. ನಡುಗೋಡೆ ಹತ್ತಿರ 87 ತೋರಿಸಿತು. ಗೋಡೆಯ ತೊಂದರೆ ಹೋಯಿತು, ಗಾಳಿಯದ್ದು ಉಳಿಯಿತು.

ಜುಲೈ: ಬಲ್ಬು ಬೇಡ

ಇಲ್ಲಿ ನಾನು ಜಾಸ್ತಿ ದಿನ ಕಳೆದೆ. 87 ಇರುವ ಗಾಳಿಯನ್ನು ಎಷ್ಟು ಬೀಸಿದರೂ ಅದು 87ರ ಗಾಳಿಯೇ. ಫ್ಯಾನ್ ಹಾಕಿದರೆ ಬೆವರು ಬೇಗ ಆರುತ್ತದೆ ನಿಜ, ಆದರೆ ಬಟ್ಟೆ ಮುಟ್ಟಿದರೆ ಆ ತಣ್ಣನೆ ಜಿಬುರು ಹಾಗೇ ಇರುತ್ತದೆ. ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಬಿಸಿ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ. 27 ಡಿಗ್ರಿಯಲ್ಲಿ ಶೇಕಡಾ 90 ಇರುವ ಗಾಳಿಯನ್ನು, ಅದರ ನೀರಿನಂಶ ಏನೂ ತೆಗೆಯದೆ, 32 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು 67ಕ್ಕೆ ಇಳಿಯುತ್ತದೆ. ಐದೇ ಐದು ಡಿಗ್ರಿ. ಭಟ್ರ ಮನೆಯ ಗಳಕ್ಕೆ ಒಲೆ ಕೊಡುತ್ತಿದ್ದದ್ದು ಇದನ್ನೇ.

ಮೊದಲು ಹಳೆ ಕಾಲದ 40 ವಾಟಿನ ಬಲ್ಬು ಹಾಕಿದೆ. ಸ್ಟ್ಯಾಂಡಿನ ಬುಡದಲ್ಲಿ ಪಿಂಗಾಣಿ ಹೋಲ್ಡರ್, ಸುತ್ತ ಕಬ್ಬಿಣದ ಜಾಲರಿ. ಹಿಂದೆ, ಎರಡು ಬದಿಗೆ ಹಳೆ ಹತ್ತಿ ಬೆಡ್‌ಶೀಟ್ ಇಳಿಬಿಟ್ಟು ಬಿಸಿ ನಿಲ್ಲುವಂತೆ ಮಾಡಿದೆ. ಐದು ಗಂಟೆ ಉರಿದರೆ 0.2 ಯೂನಿಟ್, ಖರ್ಚು ದೊಡ್ಡದಲ್ಲ. ಮೀಟರ್ 71 ತೋರಿಸಿತು. ಬಟ್ಟೆ ನಿಜಕ್ಕೂ ಗರಿಗರಿ.

ಒಂಬತ್ತನೇ ದಿನ ಮಗಳ ದುಪ್ಪಟ್ಟಾ ಹ್ಯಾಂಗರಿನಿಂದ ಜಾರಿ ಜಾಲರಿಯ ಮೇಲೆ ಬಿದ್ದಿತ್ತು. ಆಫೀಸಿನಿಂದ ಬಂದಾಗ ಸಣ್ಣಗೆ ಸುಟ್ಟ ವಾಸನೆ. ತೆಗೆದು ನೋಡಿದರೆ ಜಾಲರಿಯ ಚೌಕಗಳು ಕಂದು ಬಣ್ಣದಲ್ಲಿ ಬಟ್ಟೆಯ ಮೇಲೆ ಅಚ್ಚಾಗಿದ್ದವು, ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು, ಮಧ್ಯಾಹ್ನದ ನಿದ್ದೆಯಲ್ಲಿ. ಕೈ ನಡುಗಿತು. ಆಗಲೇ ವಯರ್ ಕಿತ್ತು ಹಾಕಿದೆ. ಬಟ್ಟೆ ತೂಗುವ ಜಾಗದ ಕೆಳಗೆ ಬಲ್ಬು, ಹೀಟರ್ ಯಾವುದನ್ನೂ ಇಡಬೇಡಿ. ಜಾಲರಿ ಇದೆ, ನಾವು ಮನೆಯಲ್ಲೇ ಇದ್ದೇವೆ ಎನ್ನುವ ಧೈರ್ಯವೂ ಬೇಡ.

ಪರಿಹಾರ ಹೇಳಿದ್ದು ಅಮ್ಮ. ನಮ್ಮ ಫ್ರಿಜ್ ಇರುವುದು ಊಟದ ಹಾಲ್‌ನಲ್ಲಿ. ಮಳೆಗಾಲದಲ್ಲಿ ಅವರು ತಮ್ಮ ಬೈರಾಸನ್ನು ಫ್ರಿಜ್‌ನ ಪಕ್ಕ ಕುರ್ಚಿಯ ಬೆನ್ನಿಗೆ ಹಾಕುತ್ತಾರೆ. “ಅಲ್ಲಿ ಬೆಚ್ಚಗೆ ಇರ್ತದೆ, ಬೇಗ ಆರ್ತದೆ” ಎಂದರು. ಎಷ್ಟು ವರ್ಷದಿಂದ ಅಲ್ಲೇ ಹಾಕುತ್ತಿದ್ದರೋ, ನಾನು ಗಮನಿಸಿರಲಿಲ್ಲ. ಮುಟ್ಟಿ ನೋಡಿದೆ. ಈಗಿನ ಹಲವು ಫ್ರಿಜ್‌ಗಳಲ್ಲಿ ಬಿಸಿ ಹೊರಹಾಕುವ ಕೊಳವೆ ಪಕ್ಕದ ತಗಡಿನ ಒಳಗೇ ಇರುತ್ತದೆ, ನಮ್ಮದೂ ಹಾಗೆ. ಒಳಗಿನ ಬಿಸಿಯನ್ನು ಹೊರಗೆ ತಂದು ಚೆಲ್ಲುತ್ತಾ ಅದು ದಿನವಿಡೀ ಉರಿಯದ ಒಲೆಯಾಗಿತ್ತು.

ಸ್ಟ್ಯಾಂಡನ್ನು ಹಾಲಿಗೆ ತಂದು ಫ್ರಿಜ್‌ನಿಂದ ಆರಿಂಚು ಬಿಟ್ಟು ನಿಲ್ಲಿಸಿದೆ. ಹತ್ತಿರ ಒತ್ತಬಾರದು, ಫ್ರಿಜ್‌ಗೂ ಉಸಿರಾಡಲು ಜಾಗ ಬೇಕು. ಕಂಪ್ಯೂಟರಿನ ಒಳಗೆ ಹಾಕುವ 12 ವೋಲ್ಟಿನ ಸಣ್ಣ ಫ್ಯಾನ್ ಒಂದನ್ನು ಸ್ಟ್ಯಾಂಡಿನ ಬದಿಗೆ, ಕೆಳಭಾಗದಲ್ಲಿ ಕೂರಿಸಿದೆ. ಅದು ಫ್ರಿಜ್ ಪಕ್ಕದ ಬೆಚ್ಚನೆ ಗಾಳಿಯನ್ನು ಎಳೆದು ಒಳಗೆ ತಳ್ಳುತ್ತದೆ. ಮೂರು ಬದಿಗೆ ಅದೇ ಬೆಡ್‌ಶೀಟ್, ಫ್ಯಾನ್ ಇರುವಲ್ಲಿ ಮಾತ್ರ ಕತ್ತರಿಸಿ ಹೊಲಿದದ್ದು. ಮೇಲ್ಗಡೆ ಪೂರ್ತಿ ತೆರೆದಿದೆ, ಹಂಚಿನ ಸಂದಿಯ ಬದಲಿಗೆ. ಫ್ಯಾನ್ ಮೂರು ವಾಟ್ ಮಾತ್ರ ಎಳೆಯುತ್ತದೆ, ಶಬ್ದ ಇಲ್ಲ.

ಜುಲೈ 22ರ ರಾತ್ರಿ, ಹೊರಗೆ ಒಂದೇ ಸಮನೆ ಮಳೆ. ಹಾಲ್‌ನಲ್ಲಿ 27 ಡಿಗ್ರಿ, ತೇವಾಂಶ 88. ಸ್ಟ್ಯಾಂಡಿನ ಒಳಗೆ 29.5 ಡಿಗ್ರಿ, ತೇವಾಂಶ 76. ಬಲ್ಬಿನಷ್ಟು ಇಳಿಯಲಿಲ್ಲ. 70ಕ್ಕೂ ಬರಲಿಲ್ಲ. ತಿಂಗಳುಗಟ್ಟಲೆ ಬಟ್ಟೆ ಇಡುವುದಕ್ಕೆ ಇದು ಸಾಲದು. ಆದರೆ ಸ್ಟ್ಯಾಂಡಿನಲ್ಲಿ ಯಾವ ಬಟ್ಟೆಯೂ ಮೂರು ದಿನಕ್ಕಿಂತ ಜಾಸ್ತಿ ಇರುವುದಿಲ್ಲ. ಅಷ್ಟಕ್ಕೆ ಇದು ಸಾಕು ಎಂದು ಆಟಿ ಪೂರ್ತಿ ನೋಡಿ ಹೇಳುತ್ತಿದ್ದೇನೆ. ಒಂದು ಚುಕ್ಕೆ ಕೂಡ ಬಂದಿಲ್ಲ.

ಯಾವುದಕ್ಕೆ ಜಾಗ, ಯಾವುದಕ್ಕೆ ಇಲ್ಲ

ಒಳಉಡುಪು, ಸಾಕ್ಸ್, ಬೆವರಿ ಒದ್ದೆಯಾದ ಅಂಗಿ ಇಲ್ಲಿಗೆ ಬರುವುದಿಲ್ಲ. ಮಳೆಯಲ್ಲಿ ನೆನೆದದ್ದೂ ಇಲ್ಲ, ರೈನ್‌ಕೋಟಿಗೆ ಸಿಟೌಟಿನಲ್ಲಿ ಬೇರೆ ಕೊಕ್ಕೆ ಇದೆ. ಬಂಗುಡೆ ಹುರಿದ ದಿನ ಅಡುಗೆ ಕೋಣೆಯಲ್ಲಿದ್ದವರ ಬಟ್ಟೆ ಎಷ್ಟೇ ಚೊಕ್ಕ ಕಂಡರೂ ಬಕೆಟ್ಟಿಗೆ. ಹತ್ತಿಗೆ ಆ ವಾಸನೆ ಹಿಡಿದರೆ ಪಕ್ಕದ ಹ್ಯಾಂಗರಿಗೂ ದಾಟುತ್ತದೆ. ಹಾಲಿನಿಂದ ಅಡುಗೆ ಕೋಣೆಗೆ ಬಾಗಿಲು ಇದ್ದದ್ದು ಒಳ್ಳೆಯದಾಯಿತು, ಹುರಿಯುವಾಗ ಹಾಕಿಕೊಳ್ಳುತ್ತೇವೆ.

ಜೀನ್ಸ್ ನಾಲ್ಕು ಸಲ, ಬೇರೆ ಪ್ಯಾಂಟು ಎರಡು ಸಲ, ಚೂಡಿದಾರದ ಟಾಪ್ ಹೆಚ್ಚೆಂದರೆ ಎರಡು. ಎಷ್ಟು ಸಲ ಆಯಿತು ಎನ್ನುವುದು ನೆನಪಿರುವುದಿಲ್ಲ ಅಲ್ವಾ, ಅದಕ್ಕೆ ಮಗಳು ಒಂದು ಕ್ರಮ ಮಾಡಿದಳು. ಹೊಸದಾಗಿ ಬಂದದ್ದು ಪೈಪಿನ ಎಡತುದಿಗೆ. ಪ್ರತಿ ಸಲ ಹಾಕಿ ತಂದಾಗ ಒಂದು ಹೆಜ್ಜೆ ಬಲಕ್ಕೆ. ಪೈಪಿಗೆ ಮೂರು ರಬ್ಬರ್ ಬ್ಯಾಂಡ್ ಸುತ್ತಿ ನಾಲ್ಕು ಪಾಲು ಮಾಡಿದ್ದಾಳೆ. ಜೀನ್ಸ್ ಬಲತುದಿಗೆ ಬಂದರೆ, ಉಳಿದದ್ದು ಎರಡನೇ ಪಾಲಿಗೆ ಬಂದರೆ, ನೋಡಿದವರು ಬಕೆಟ್ಟಿಗೆ ಹಾಕುವುದು. ಯಾರ ಬಟ್ಟೆ ಎಂದು ಕೇಳಬೇಕಾಗಿಲ್ಲ.

ಬಟ್ಟೆಗಳ ನಡುವೆ ಎರಡು ಬೆರಳಿನಷ್ಟು ಜಾಗ ಇರಲೇಬೇಕು. ನಾಲ್ಕು ಅಡಿ ಪೈಪಿನಲ್ಲಿ ಹದಿನೆಂಟು ಹ್ಯಾಂಗರ್ ಹಿಡಿಯುತ್ತದೆ, ನಾವು ಹನ್ನೆರಡಕ್ಕೆ ನಿಲ್ಲಿಸಿದ್ದೇವೆ. ಹನ್ನೆರಡು ಹ್ಯಾಂಗರ್ ಬಿಟ್ಟು ಉಳಿದವನ್ನು ಅಟ್ಟಕ್ಕೆ ಹಾಕಿದ ಮೇಲೆಯೇ ಈ ನಿಯಮ ನಡೆದದ್ದು. ನುಸಿ ಗುಳಿಗೆ ಇಡಬೇಕೇ ಎಂದು ಹೆಂಡತಿ ಕೇಳಿದಳು. ಅದು ಹುಳಕ್ಕೆ ಮಾತ್ರ, ಹಸಿಗೂ ಬೆವರಿನ ವಾಸನೆಗೂ ಅದರಿಂದ ಏನೂ ಆಗುವುದಿಲ್ಲ. ದಿನಾ ಹಾಕುವ ಬಟ್ಟೆಗೆ ಆ ನಾತ ಬೇಡ ಎಂದು ಬಿಟ್ಟೆವು.

ರೇಷ್ಮೆ ಸೀರೆಗೆ ಬೇರೆ ಲೆಕ್ಕ. ರವಕೆ ಯಾವಾಗಲೂ ಬೇರೆ, ಅದು ಬೆವರು ಹೀರಿರುತ್ತದೆ. ಸೀರೆಯನ್ನು ತಟ್ಟೆಯ ಮೇಲೆ ಅಗಲಕ್ಕೆ ಹರಡಿ ಒಂದು ರಾತ್ರಿ, ತಿರುಗಿಸಿ ಇನ್ನೊಂದು ರಾತ್ರಿ. ಆಮೇಲೆ ಹಿಂದಿನ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ. ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದರೆ ಒಳಗಿನ ಹಸಿಗೆ ಹೋಗಲು ದಾರಿ ಇಲ್ಲ, ಜರಿಯೂ ಕಪ್ಪಾಗುತ್ತದೆ.

ಒಟ್ಟು ಖರ್ಚು 2650 ರೂಪಾಯಿ. ಮರಕ್ಕೆ ಏನೂ ಇಲ್ಲ. ಸ್ಟೀಲ್ ಪೈಪು, ಸ್ಕ್ರೂ, ವಾರ್ನಿಶ್, ಫ್ಯಾನು, ಅಡಾಪ್ಟರ್, ಮೀಟರ್, ಆಚಾರ್ರ ಅರ್ಧ ದಿನದ ಕೂಲಿ ಸೇರಿ ಇಷ್ಟು. ಬಟ್ಟೆ ಒಗೆಯುವುದು ವಾರಕ್ಕೆ ಐದು ಸಲ ಇದ್ದದ್ದು ಮೂರಕ್ಕೆ ಬಂದಿದೆ. ಮಳೆಗಾಲದಲ್ಲಿ ಹಾಲಿಡೀ ಅಡ್ಡಡ್ಡ ಹಗ್ಗ ಕಟ್ಟುವುದು ತಪ್ಪಿತು.

ಆಗಸ್ಟ್ ಮೊದಲ ವಾರ ಅಮ್ಮ ತಮ್ಮ ಇನ್ನೊಂದು ಉಡುಪಿ ಸೀರೆ ಉಟ್ಟು ಕಲ್ಯಾಣಪುರಕ್ಕೆ ಹೋಗಿ ಬಂದರು, ನೀಲಿ ಚೌಕಳಿಯದ್ದು. ಬಂದವರೇ ಕೇಳದೆ ಅದನ್ನು ತಟ್ಟೆಯ ಮೇಲೆ ಹರಡಿದರು. ಎರಡು ದಿನ ಬಿಟ್ಟು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಲ್ಲಿ ತೀಡಿ ನೋಡಿದರು. ಒಣಗಿತ್ತು. ಗಂಜಿ ಇನ್ನೂ ಗಟ್ಟಿಯಾಗಿತ್ತು.

ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿನಲ್ಲಿರುವ ತಂಗಿ ಅಷ್ಟಮಿಗೆ ಬಂದವಳು ತನಗೂ ಬೇಕು ಎಂದಳು. ಅವಳಿಗೆ ಹಟ್ಟಿಯ ರೀಪು ಸಿಗುವುದಿಲ್ಲ, ಮರದ ಅಂಗಡಿಯಿಂದಲೇ ತರಬೇಕು. ಅಳತೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಆಳ 22 ಇಂಚು, ಗೋಡೆಯಿಂದ ನಾಲ್ಕು, ಫ್ರಿಜ್‌ನಿಂದ ಆರು, ದಂಡಕ್ಕೆ ಸ್ಟೀಲ್. ಕೆಳಗೆ “ಹಲಸು ಬೇಡ, ಬಲ್ಬು ಬೇಡ” ಎಂದು ಬರೆದು ಎರಡು ಗೆರೆ ಎಳೆದೆ.